ಮಾವನವರ ಸಂವಿಧಾನ, ಮಗಳ ಸಂವಿಧಾನ: ಎರಡರಲ್ಲಿ ಯಾವುದನ್ನು ನಂಬೋದು?

ಪ್ರಶ್ನೆ: ನಾವು ಡೊಂಬಿವಲಿಯವರು. ಇಲ್ಲಿಯ ಕನ್ನಡ ಸಂಘವೊಂದು ನಡೆಸುವ ಶಾಲೆಯ ಆಡಳಿತ ಸಮಿತಿಯಲ್ಲಿ ನಾನೂ ಒಬ್ಬಳು. ಮನೆಯಲ್ಲಿ ಮಾವನವರು ಜೋಪಾನ ಮಾಡಿದ್ದ 1977ರ ಮುದ್ರಣದ ಸಂವಿಧಾನ ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಮಗಳ ಹತ್ತಿರ ಹೊಸದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಲೆ ಗಿರ್ ಅನ್ನುತ್ತದೆ. ಹಳೆಯದರಲ್ಲಿ 9 ಅನುಸೂಚಿ, ಹೊಸದರಲ್ಲಿ 12. ಹಳೆಯದರಲ್ಲಿ 9ನೇ ಭಾಗ ಖಾಲಿ, ಹೊಸದರಲ್ಲಿ ಅಲ್ಲಿ ಪಂಚಾಯತಿಗಳು ಬಂದು ಕೂತಿವೆ. ಹೊಸದರಲ್ಲಿ 31ನೇ ವಿಧಿ ಇಲ್ಲ, ಆದರೆ 31ಎ ಇದೆ! ಇಷ್ಟೆಲ್ಲ ಆಗಿಯೂ ಕೊನೆಯ ವಿಧಿ ಎರಡರಲ್ಲೂ 395. ಇನ್ನೊಂದು ವಿಚಿತ್ರ: ತಿದ್ದುಪಡಿಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಎಂಬ ಸಾಲು ಎರಡರಲ್ಲೂ ಇದೆ. ಹಾಗಿದ್ದರೆ ಸುಪ್ರೀಂ ಕೋರ್ಟು ತಿದ್ದುಪಡಿಗಳನ್ನು ರದ್ದು ಮಾಡುವುದು ಹೇಗೆ?

ಇದೆಲ್ಲ ಕೆದಕಿದ್ದಕ್ಕೆ ಕಾರಣ ಒಂದು ವಾಟ್ಸಾಪ್ ಮೆಸೇಜು. "362 ಸೀಟು ಸಿಕ್ಕವರು 30ನೇ ವಿಧಿ ತೆಗೆದುಹಾಕುತ್ತಾರೆ, ಪರಭಾಷೆಯ ಶಾಲೆಗಳೆಲ್ಲ ಬಂದ್" ಎಂದು ಅದರಲ್ಲಿತ್ತು. ನಮ್ಮ ಸಮಿತಿಯ ಒಬ್ಬರು "ಅರ್ಧ ರಾಜ್ಯಗಳು ಒಪ್ಪಬೇಕು, ಕರ್ನಾಟಕ ಬಿಡೋದಿಲ್ಲ" ಅಂದರು. ಇನ್ನೊಬ್ಬರು "ಅಷ್ಟೆಲ್ಲ ಬೇಕಿಲ್ಲ, ಮಹಾರಾಷ್ಟ್ರ ಸರಕಾರವೇ ತೆಗೀಬಹುದು" ಅಂದರು. ಮಾತು ಗಡಿಯ ಕಡೆ ಹೊರಳಿ ಸಭೆ ಅಲ್ಲಿಗೇ ಮುಗಿಯಿತು. ಯಾವುದು ನಿಜ? ಕಡೆಯದಾಗಿ, ಮಾವನವರ ಪುಸ್ತಕವನ್ನು ರದ್ದಿಗೆ ಹಾಕಬಹುದೇ?

ಉತ್ತರ: ನಿಮ್ಮ ಸಮಿತಿಯ ಇಬ್ಬರೂ ತಪ್ಪು. ವಾಟ್ಸಾಪ್ ಮೆಸೇಜು ಅರ್ಧ ತಪ್ಪು. ಆದರೆ ನಿಮ್ಮ ಕಣ್ಣಿಗೆ ಬಿದ್ದ ಆ "ಪ್ರಶ್ನಿಸುವಂತಿಲ್ಲ" ಎಂಬ ಸಾಲು ಕಾನೂನು ಓದಿದವರೂ ಎಡವುವ ಜಾಗ, ಅದನ್ನು ಹಿಡಿದಿದ್ದಕ್ಕೆ ಮೆಚ್ಚಬೇಕು. ಶಾಲೆಯ ಚಿಂತೆಗೆ ಬರುವ ಮೊದಲು ಪುಸ್ತಕದ ಲೆಕ್ಕ ಮುಗಿಸೋಣ. ಲೆಕ್ಕ ತಿಳಿದರೆ ಅರ್ಧ ಭಯ ತಾನೇ ಇಳಿಯುತ್ತದೆ.

ನಂಬರು ಯಾಕೆ ಬದಲಾಗುವುದಿಲ್ಲ

1950ರ ಜನವರಿ 26ರಂದು ಜಾರಿಗೆ ಬಂದಾಗ ಸಂವಿಧಾನದಲ್ಲಿ 395 ವಿಧಿ, 22 ಭಾಗ, 8 ಅನುಸೂಚಿ ಇದ್ದವು. ವಿಧಿ ಎಂದರೆ ಒಂದೊಂದು ನಿಯಮ. ಒಂದೇ ವಿಷಯಕ್ಕೆ ಸೇರಿದ ವಿಧಿಗಳ ಗುಂಪು ಭಾಗ: 3ನೇ ಭಾಗದಲ್ಲಿ ಮೂಲಭೂತ ಹಕ್ಕು, 5ರಲ್ಲಿ ಕೇಂದ್ರ, 6ರಲ್ಲಿ ರಾಜ್ಯ, ಹೀಗೆ. ಅನುಸೂಚಿ ಎಂದರೆ ಹಿಂದೆ ಜೋಡಿಸಿದ ಪಟ್ಟಿ. ರಾಜ್ಯಗಳ ಹೆಸರು 1ನೆಯದರಲ್ಲಿ, ಕೇಂದ್ರ–ರಾಜ್ಯಗಳ ಅಧಿಕಾರ ಹಂಚಿಕೆ 7ನೆಯದರಲ್ಲಿ, ಭಾಷೆಗಳು 8ನೆಯದರಲ್ಲಿ.

ಹಳೆಯ ಚಾಳಿನಲ್ಲಿ ಖೋಲಿ ನಂಬರು ಹೇಗೋ ಇದೂ ಹಾಗೆ. 21 ಮತ್ತು 22ರ ನಡುವೆ ಹೊಸ ಖೋಲಿ ಕಟ್ಟಿದರೆ ಅದು 21ಎ. 22ನ್ನು 23 ಮಾಡುತ್ತಾ ಹೋದರೆ ಪೋಸ್ಟ್‌ಮನ್‌ಗೆ ಹುಚ್ಚು ಹಿಡಿಯುತ್ತದೆ. ಇಲ್ಲಿ ಪೋಸ್ಟ್‌ಮನ್ ಜಾಗದಲ್ಲಿರುವುದು ಏಳು ದಶಕದ ತೀರ್ಪುಗಳು, ಕಾಯ್ದೆಗಳು, ಸರಕಾರಿ ಆದೇಶಗಳು. "14ನೇ ವಿಧಿ", "226ನೇ ವಿಧಿ" ಎಂದು ಅವು ನಂಬರಿನಿಂದಲೇ ಕರೆಯುತ್ತವೆ. ಹಾಗಾಗಿ 2002ರ 86ನೇ ತಿದ್ದುಪಡಿ ಶಿಕ್ಷಣದ ಹಕ್ಕನ್ನು ತಂದಾಗ ಅದಕ್ಕೆ 21ಎ ಎಂಬ ನಂಬರು ಸಿಕ್ಕಿತು. ವಿಧಿ ತೆಗೆದರೂ ಅದರ ನಂಬರು ಸಾಮಾನ್ಯವಾಗಿ ಬೇರೆಯವರಿಗೆ ಹೋಗುವುದಿಲ್ಲ. 1978ರ 44ನೇ ತಿದ್ದುಪಡಿ 31ನೇ ವಿಧಿಯನ್ನು ತೆಗೆದು, ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕಿನ ಭಾಗದಿಂದ ಹೊರಗೆ, 300ಎ ಎಂಬಲ್ಲಿಗೆ ಕಳಿಸಿತು. 31ಎ, 31ಬಿ, 31ಸಿ ಬೇರೆ ವಿಧಿಗಳಾದ್ದರಿಂದ ಅಲ್ಲೇ ಉಳಿದವು. ಯಜಮಾನ ಖೋಲಿ ಬಿಟ್ಟ, ಪಕ್ಕದವರು ಇನ್ನೂ ಇದ್ದಾರೆ.

ಪೂರ್ತಿ ಖಾಲಿಯಾದ ಭಾಗಕ್ಕೆ ಹೊಸಬರು ಬಂದ ಉದಾಹರಣೆಯೂ ಇದೆ, ನೀವು ಕಂಡ 9ನೇ ಭಾಗ ಅದೇ. ಮೊದಲು ಅಲ್ಲಿ ಇದ್ದದ್ದು ಹಳೆಯ ವರ್ಗೀಕರಣದ "ಡಿ" ಪ್ರದೇಶಗಳ 243ನೇ ವಿಧಿ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿಗೆ, 1956ರ 7ನೇ ತಿದ್ದುಪಡಿ ಅದನ್ನು ಅಳಿಸಿತು. ಮೂವತ್ತಾರು ವರ್ಷದ ಬಳಿಕ 73ನೇ ತಿದ್ದುಪಡಿ ಅದೇ ಜಾಗದಲ್ಲಿ ಪಂಚಾಯತಿಗಳನ್ನು ಕೂರಿಸಿತು. ಒಂದು ಖೋಲಿಯಲ್ಲಿ ಇಷ್ಟು ಜನ ಹೇಗೆ ಹಿಡಿಯುತ್ತಾರೆ? 243, 243ಎ, 243ಬಿ ಎನ್ನುತ್ತಾ 243ಝಡ್‌ವರೆಗೆ ಹೋಗಿ, ಅಕ್ಷರ ಮುಗಿದ ಮೇಲೆ 243ಝಡ್‌ಎ, 243ಝಡ್‌ಬಿ ಎಂದು ಮುಂದುವರಿದು, ನಗರಪಾಲಿಕೆ ಮತ್ತು ಸಹಕಾರ ಸಂಘಗಳನ್ನೂ ಸೇರಿಸಿಕೊಂಡು 243ಝಡ್‌ಟಿಗೆ ನಿಲ್ಲುತ್ತದೆ. ಕೊನೆಯ ನಂಬರು 395 ಆಗಿಯೇ ಉಳಿದ ಗುಟ್ಟು ಇದು. ಪರೀಕ್ಷೆಯ ಪುಸ್ತಕಗಳಲ್ಲಿ 448 ಎಂದೂ, ಅದಕ್ಕಿಂತ ಹೆಚ್ಚೆಂದೂ ಕಾಣುವುದು ಎಣಿಸುವ ಕ್ರಮದ ವ್ಯತ್ಯಾಸ. ಮಗಳಿಗೆ ಭಾಗಗಳ ಲೆಕ್ಕ ಹೀಗೆ ಹೇಳಿಕೊಡಿ: ಮೂಲದ 22ರಲ್ಲಿ 7ನೇ ಭಾಗ ಹೋಯಿತು, 4ಎ, 9ಎ, 9ಬಿ, 14ಎ ಬಂದವು, ಒಟ್ಟು 25.

ಅನುಸೂಚಿಗಳ ಕಥೆ ಚಿಕ್ಕದು. 9ನೆಯದು 1951ರ ಮೊದಲ ತಿದ್ದುಪಡಿಯಲ್ಲೇ ಬಂತು. 10ನೆಯದು ಎರಡು ಸಲ ಹುಟ್ಟಿತು: ಸಿಕ್ಕಿಮಿಗಾಗಿ 1974ರಲ್ಲಿ ಬಂದು ಮರುವರ್ಷ ಹೋಯಿತು, ಪಕ್ಷಾಂತರ ನಿಷೇಧಕ್ಕಾಗಿ 1985ರಲ್ಲಿ ಮತ್ತೆ ಬಂತು. ನಿಮ್ಮ 1977ರ ಪ್ರತಿ ಈ ಎರಡರ ನಡುವಿನದು, ಅದಕ್ಕೇ 9 ಮಾತ್ರ. 11 ಮತ್ತು 12 ಪಂಚಾಯತಿ ಮತ್ತು ನಗರಪಾಲಿಕೆಗಳವು.

ಸತ್ತ ಸಾಲುಗಳು

ಈಗ ಆ ವಿಚಿತ್ರ ಸಾಲು. ಅದು 368ನೇ ವಿಧಿಯ 4ನೇ ಖಂಡ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ 42ನೇ ತಿದ್ದುಪಡಿ ಅದನ್ನೂ 5ನೇ ಖಂಡವನ್ನೂ ಸೇರಿಸಿತು. ಒಂದು ಹೇಳುತ್ತದೆ, ಯಾವ ತಿದ್ದುಪಡಿಯನ್ನೂ ಯಾವ ಕಾರಣಕ್ಕೂ ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದು. ಇನ್ನೊಂದು ಹೇಳುತ್ತದೆ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂದು. 1980ರಲ್ಲಿ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡನ್ನೂ ಅಸಿಂಧು ಎಂದಿತು. ಮಿನರ್ವ ಮಿಲ್ಸ್ ಬೆಂಗಳೂರಿನ ಬಟ್ಟೆ ಗಿರಣಿ. ಅದರ ಪರ ವಾದಿಸಿದವರು ಮುಂಬೈಯ ನಾನಿ ಪಾಲ್ಖಿವಾಲಾ.

ಮತ್ತೆ ಆ ಸಾಲು ಹೊಸ ಪುಸ್ತಕದಲ್ಲಿ ಯಾಕಿದೆ? ಕೋರ್ಟಿನ ಕೈಯಲ್ಲಿ ರಬ್ಬರ್ ಇಲ್ಲ. ಕೋರ್ಟು ಒಂದು ಸಾಲಿಗೆ ಬಲವಿಲ್ಲ ಎಂದು ಘೋಷಿಸಬಹುದು, ಆದರೆ ಸಂವಿಧಾನದ ಪಠ್ಯದಿಂದ ಅದನ್ನು ಅಳಿಸಲು ಸಂಸತ್ತೇ ಇನ್ನೊಂದು ತಿದ್ದುಪಡಿ ಮಾಡಬೇಕು. ಸಂಸತ್ತು ಅದನ್ನು ಮಾಡಿಲ್ಲ. ಹಾಗಾಗಿ ಸರಕಾರಿ ಮುದ್ರಣದಲ್ಲಿ ಸಾಲು ಹಾಗೇ ಉಳಿದು, ಪುಟದ ಕೆಳಗೆ ಸಣ್ಣಕ್ಷರದಲ್ಲಿ ಮಿನರ್ವ ಮಿಲ್ಸ್ ತೀರ್ಪಿನ ಟಿಪ್ಪಣಿ ಇರುತ್ತದೆ. ಅಗ್ಗದ ಗೈಡುಗಳು ಜಾಗ ಉಳಿಸಲು ಮೊದಲು ಬಿಡುವುದೇ ಈ ಅಡಿಟಿಪ್ಪಣಿಗಳನ್ನು. ಓದುವವರು ಸತ್ತ ಸಾಲನ್ನು ಜೀವಂತ ಎಂದುಕೊಳ್ಳುತ್ತಾರೆ. 10ನೇ ಅನುಸೂಚಿಯ 7ನೇ ಪ್ಯಾರಾ ಮತ್ತು ನ್ಯಾಯಾಧೀಶರ ನೇಮಕಾತಿ ಆಯೋಗದ 124ಎ ಇಂಥವೇ.

ಆದ್ದರಿಂದ ಪುಟದ ಕೆಳಭಾಗವನ್ನು ಮೊದಲು ಓದುವ ಅಭ್ಯಾಸ ಮಾಡಿಸಿ. ಚೌಕ ಆವರಣದೊಳಗಿನ ಮಾತು ಎಂದರೆ ಆಮೇಲೆ ಸೇರಿಸಿದ್ದು ಅಥವಾ ಬದಲಿಸಿದ್ದು. ಸಾಲಾಗಿ ನಕ್ಷತ್ರ ಚಿಹ್ನೆ ಇದ್ದರೆ ಅಲ್ಲಿದ್ದದ್ದನ್ನು ತೆಗೆದಿದ್ದಾರೆ. ಟಿಪ್ಪಣಿಯಲ್ಲಿ ಯಾವ ತಿದ್ದುಪಡಿ, ಅದರ ಯಾವ ಕಲಂ ಎಂಬುದರ ಜತೆ "ಡಬ್ಲ್ಯೂ.ಇ.ಎಫ್." ಎಂದು ಒಂದು ದಿನಾಂಕ ಇರುತ್ತದೆ, ಅಂದರೆ ಜಾರಿಗೆ ಬಂದ ದಿನ. ರಾಷ್ಟ್ರಪತಿ ಅಂಕಿತ ಹಾಕಿದ ದಿನವೂ ಜಾರಿಯ ದಿನವೂ ಒಂದೇ ಆಗಬೇಕಿಲ್ಲ. 44ನೇ ತಿದ್ದುಪಡಿಯಲ್ಲಿ ಮುಂಜಾಗ್ರತಾ ಬಂಧನದ ನಿಯಮವನ್ನು ಬಿಗಿ ಮಾಡುವ ಒಂದು ಕಲಂ ಇದೆ. ಸಂಸತ್ತು ಪಾಸು ಮಾಡಿದೆ, ಅಂಕಿತವೂ ಬಿದ್ದಿದೆ, ಆದರೆ ಜಾರಿಯ ಅಧಿಸೂಚನೆ ಹೊರಡಿಸದೆ ದಶಕಗಳು ಕಳೆದವು.

ಮೂರು ದಾರಿ

ಇನ್ನು ನಿಮ್ಮ ಸಮಿತಿಯ ಜಗಳ. ಸಂವಿಧಾನದ ಎಲ್ಲ ಪದಗಳೂ ಒಂದೇ ದಾರಿಯಲ್ಲಿ ಬದಲಾಗುವುದಿಲ್ಲ. ಯಾವ ಪದವನ್ನು ಮುಟ್ಟುತ್ತಿದ್ದಾರೆ ಎಂಬುದರ ಮೇಲೆ ದಾರಿ ನಿಂತಿದೆ. ಸಾಮಾನ್ಯ ಕಾಯ್ದೆಯಂತೆ ಸರಳ ಬಹುಮತದ್ದು ಒಂದು ದಾರಿ, 368ನೇ ವಿಧಿಯ ವಿಶೇಷ ಬಹುಮತದ್ದು ಎರಡನೆಯದು, ಅದರ ಮೇಲೆ ಅರ್ಧ ರಾಜ್ಯಗಳ ಅನುಮೋದನೆಯನ್ನೂ ಕೇಳುವುದು ಮೂರನೆಯದು.

ವ್ಯತ್ಯಾಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಒರಿಸ್ಸಾ ಒಳ್ಳೆಯ ಉದಾಹರಣೆ. 2011ರಲ್ಲಿ ಆ ರಾಜ್ಯದ ಹೆಸರು ಒಡಿಶಾ, ಭಾಷೆಯ ಹೆಸರು ಒಡಿಯಾ ಆಗಬೇಕಿತ್ತು. ಎರಡೂ ಬರೀ ಕಾಗುಣಿತದ ಬದಲಾವಣೆ. ರಾಜ್ಯದ ಹೆಸರು 1ನೇ ಅನುಸೂಚಿಯಲ್ಲಿದೆ. 3ನೇ ವಿಧಿಯ ಪ್ರಕಾರ ಅದಕ್ಕೆ ಸಾಮಾನ್ಯ ಕಾಯ್ದೆ ಸಾಕಾಯಿತು. ಭಾಷೆಯ ಹೆಸರು 8ನೇ ಅನುಸೂಚಿಯಲ್ಲಿದೆ. ಅದಕ್ಕೆ ವಿಶೇಷ ಬಹುಮತದ 96ನೇ ತಿದ್ದುಪಡಿಯೇ ಬೇಕಾಯಿತು. ನಮ್ಮ ಮೈಸೂರು ರಾಜ್ಯ 1973ರ ನವೆಂಬರ್ 1ರಂದು ಕರ್ನಾಟಕ ಆದದ್ದು ಮೊದಲ ದಾರಿಯಲ್ಲಿ. ಗೋವಾದವರ ಕೊಂಕಣಿ 1992ರಲ್ಲಿ 8ನೇ ಅನುಸೂಚಿಗೆ ಸೇರಿದ್ದು ಎರಡನೆಯ ದಾರಿಯಲ್ಲಿ, 71ನೇ ತಿದ್ದುಪಡಿಯಿಂದ.

ಎರಡನೆಯ ದಾರಿಯ ಲೆಕ್ಕ ಸ್ವಲ್ಪ ನಿಧಾನವಾಗಿ ನೋಡಬೇಕು, ವಾಟ್ಸಾಪಿನ 362 ಬಂದಿರುವುದು ಇಲ್ಲಿಂದ. ಪ್ರತಿ ಸದನದಲ್ಲೂ ಎರಡು ಶರತ್ತು ಒಟ್ಟಿಗೆ ಈಡೇರಬೇಕು: ಸದನದ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತ, ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗಕ್ಕೆ ಕಡಿಮೆಯಿಲ್ಲದ ಮತ. ಲೋಕಸಭೆಯ ಬಲ 543. ಮೊದಲ ಶರತ್ತಿಗೆ ಯಾವಾಗಲೂ 272 ಬೇಕು, ಖಾಲಿ ಸೀಟಿದ್ದರೂ ಇದು ಇಳಿಯುವುದಿಲ್ಲ. ಎರಡನೆಯದು ಹಾಜರಿಯ ಮೇಲೆ ಹೋಗುತ್ತದೆ. 543 ಮಂದಿಯೂ ಮತ ಹಾಕಿದರೆ 362 ಬೇಕು. 450 ಮಂದಿ ಹಾಕಿದರೆ 300 ಸಾಕು. 400 ಮಂದಿ ಹಾಕಿದರೆ ಮೂರನೇ ಎರಡು 267 ಆಗುತ್ತದೆ, ಆದರೆ ಮೊದಲ ಶರತ್ತು ಅಡ್ಡ ನಿಂತು 272 ಕೇಳುತ್ತದೆ. ಅಂದರೆ 362 ಎಂಬುದು ಗರಿಷ್ಠ, ನಿಯಮವಲ್ಲ. ವಿರೋಧಿಗಳು ಸಭಾತ್ಯಾಗ ಮಾಡಿ ಹೊರಗೆ ಘೋಷಣೆ ಕೂಗಿದರೆ ಒಳಗೆ ಗುರಿ ಇಳಿಯುತ್ತದೆ. ತಿದ್ದುಪಡಿ ಮಸೂದೆಯ ವಿಷಯದಲ್ಲಿ ಸಭಾತ್ಯಾಗ ದುಬಾರಿ ಪ್ರತಿಭಟನೆ.

ಇದೇ ಲೆಕ್ಕ ರಾಜ್ಯಸಭೆಯಲ್ಲೂ ಪ್ರತ್ಯೇಕವಾಗಿ ಕೂಡಬೇಕು. ಅಲ್ಲಿ ಬಲ 245, ಕನಿಷ್ಠ 123, ಎಲ್ಲರೂ ಇದ್ದರೆ 164. ಎರಡು ಸದನ ಒಪ್ಪದಿದ್ದರೆ ಸಾಮಾನ್ಯ ಮಸೂದೆಗೆ ಇರುವ ಜಂಟಿ ಅಧಿವೇಶನ ತಿದ್ದುಪಡಿಗೆ ಇಲ್ಲ. ಲೋಕಸಭೆಯ ಸೀಟು ಮಾತ್ರ ಎಣಿಸುವ ಮೆಸೇಜುಗಳು ಮರೆಯುವುದು ಈ ಮನೆಯನ್ನು. 1970ರ ಸೆಪ್ಟೆಂಬರಿನಲ್ಲಿ ಹಿಂದಿನ ಸಂಸ್ಥಾನಗಳ ರಾಜರಿಗೆ ಸರಕಾರ ಕೊಡುತ್ತಿದ್ದ ರಾಜಧನದ ರದ್ದತಿಯ ಮಸೂದೆ ಲೋಕಸಭೆ ದಾಟಿ ಬಂದು ರಾಜ್ಯಸಭೆಯಲ್ಲಿ ಬಿತ್ತು. ಪರ 149, ವಿರುದ್ಧ 75. ಒಟ್ಟು 224ರ ಮೂರನೇ ಎರಡು ಎಂದರೆ 149.33. ಒಂದು ಮತದ ಮೂರನೇ ಒಂದು ಭಾಗ ಕಡಿಮೆ ಬಿದ್ದು ಸರಕಾರ ಸೋತಿತು! ಅದೇ ಕೆಲಸ ಮುಂದಿನ ವರ್ಷ 26ನೇ ತಿದ್ದುಪಡಿಯಾಗಿ ಆಯಿತು.

ಇನ್ನೊಂದು ಗೊಂದಲ ಮಸೂದೆಯ ನಂಬರು ಮತ್ತು ಕಾಯ್ದೆಯ ನಂಬರಿನದು. ಬಿದ್ದುಹೋದ, ಕಾಲ ಮೀರಿದ ಮಸೂದೆಗಳಿಗೂ ನಂಬರು ಖರ್ಚಾಗಿರುತ್ತದೆ. ಜಿಎಸ್‌ಟಿ 122ನೇ ಮಸೂದೆ, ಆದರೆ 101ನೇ ತಿದ್ದುಪಡಿ. ಮಹಿಳಾ ಮೀಸಲಾತಿ 128ನೇ ಮಸೂದೆ, 2023ರ 106ನೇ ತಿದ್ದುಪಡಿ. "129ನೇ ತಿದ್ದುಪಡಿ ಬಂದೇಬಿಟ್ಟಿತು" ಎಂಬ ಮೆಸೇಜು ಬಂದರೆ ಅದು ಮಸೂದೆಯ ನಂಬರು: ಏಕಕಾಲದ ಚುನಾವಣೆಯದು. 2024ರ ಡಿಸೆಂಬರಿನಲ್ಲಿ ಅದನ್ನು ಮಂಡಿಸುವಾಗ 269–198 ಮತ ಬಿತ್ತು, "ಮೂರನೇ ಎರಡು ಬರಲಿಲ್ಲ, ಮಸೂದೆ ಬಿತ್ತು" ಎಂದು ಕೆಲವರು ಕುಣಿದರು. ಮಂಡನೆಗೆ ಸರಳ ಬಹುಮತ ಸಾಕು, ಅದು ಬಿದ್ದಿರಲಿಲ್ಲ, ಜಂಟಿ ಸಮಿತಿಗೆ ಹೋಯಿತು.

ಮೂರನೆಯ ದಾರಿಗೆ ಯಾವ ವಿಷಯಗಳು ಬರುತ್ತವೆ ಎಂಬುದನ್ನು 368ನೇ ವಿಧಿಯೇ ಪಟ್ಟಿ ಮಾಡಿದೆ: ರಾಷ್ಟ್ರಪತಿ ಚುನಾವಣೆ, ಕೇಂದ್ರ ಮತ್ತು ರಾಜ್ಯದ ಕಾರ್ಯಾಂಗದ ವ್ಯಾಪ್ತಿ, ಸುಪ್ರೀಂ ಕೋರ್ಟು ಮತ್ತು ಹೈಕೋರ್ಟುಗಳು, ಕೇಂದ್ರ–ರಾಜ್ಯಗಳ ಶಾಸನಾಧಿಕಾರದ ಹಂಚಿಕೆ, 7ನೇ ಅನುಸೂಚಿಯ ಪಟ್ಟಿಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, ಜಿಎಸ್‌ಟಿ ಮಂಡಳಿ, ಮತ್ತು 368ನೇ ವಿಧಿ ತಾನೇ. ಈಗಿನ 28 ರಾಜ್ಯಗಳಲ್ಲಿ 14ರ ವಿಧಾನಮಂಡಲಗಳು ನಿರ್ಣಯ ಮಾಡಿದರೆ ಸಾಕು. ಯಾವ 14 ಎಂಬ ನಿಯಮವಿಲ್ಲ, ಇಷ್ಟು ದಿನದೊಳಗೆ ಎಂಬ ಗಡುವೂ ಇಲ್ಲ. ಒಂದು ರಾಜ್ಯ ಎಷ್ಟೇ ಹಟ ಮಾಡಿದರೂ ತಡೆಯಲಾಗದು.

ಈ ದಾರಿಯನ್ನು ಮುಂಬೈಯವರು ಕಣ್ಣಾರೆ ಕಂಡಿದ್ದಾರೆ. ಮುಲುಂಡ್, ದಹಿಸರ್ ಜಕಾತ್ ನಾಕಾಗಳಲ್ಲಿ ಲಾರಿಗಳ ಸಾಲು ನಿಲ್ಲುತ್ತಿದ್ದುದು ನೆನಪಿರಬೇಕು. ಸ್ಥಳೀಯ ಪ್ರದೇಶಕ್ಕೆ ಬರುವ ಸರಕಿನ ಮೇಲೆ ತೆರಿಗೆ ಹಾಕುವ ಅಧಿಕಾರ 7ನೇ ಅನುಸೂಚಿಯ ರಾಜ್ಯ ಪಟ್ಟಿಯ 52ನೇ ನಮೂದಿನಲ್ಲಿತ್ತು. 101ನೇ ತಿದ್ದುಪಡಿ ಅದನ್ನು ತೆಗೆಯಿತು. ರಾಜ್ಯ ಪಟ್ಟಿಯನ್ನು ಮುಟ್ಟಿದ್ದರಿಂದ ರಾಜ್ಯಗಳ ಅನುಮೋದನೆ ಪಡೆದು, 2016ರ ಸೆಪ್ಟೆಂಬರ್ 8ರಂದು ಅಂಕಿತ ಬಿತ್ತು. ಮರುವರ್ಷ ಜುಲೈ 1ಕ್ಕೆ ಜಿಎಸ್‌ಟಿ ಬಂತು, ಪಾಲಿಕೆಯ ಜಕಾತ್ ವಸೂಲಿ ನಿಂತಿತು.

ದಾರಿ ತಪ್ಪಿದರೆ ಏನಾಗುತ್ತದೆ ಎಂಬುದನ್ನೂ ಮುಂಬೈ–ಪುಣೆಯ ಪ್ರತಿ ಹೌಸಿಂಗ್ ಸೊಸೈಟಿ ಕಂಡಿದೆ. 2011ರ 97ನೇ ತಿದ್ದುಪಡಿ 9ಬಿ ಭಾಗವನ್ನು ಸೇರಿಸಿ, ಸಹಕಾರ ಸಂಘಗಳ ಸಮಿತಿಗೆ 5 ವರ್ಷದ ಅವಧಿ, ಹೆಚ್ಚೆಂದರೆ 21 ನಿರ್ದೇಶಕರು, ಸ್ವತಂತ್ರ ಚುನಾವಣಾ ವ್ಯವಸ್ಥೆ ಎಂದೆಲ್ಲ ಹೇಳಿತು. ಸಹಕಾರ ಸಂಘ ರಾಜ್ಯ ಪಟ್ಟಿಯ ವಿಷಯ. ಪಟ್ಟಿಯ ಒಂದಕ್ಷರವನ್ನೂ ಬದಲಿಸದೆ, ಆ ವಿಷಯದಲ್ಲಿ ರಾಜ್ಯಗಳು ಹೇಗೆ ಕಾನೂನು ಮಾಡಬೇಕೆಂದು ಕಟ್ಟುಹಾಕಿದರು, ಆದರೆ ರಾಜ್ಯಗಳ ಅನುಮೋದನೆ ಕೇಳಲಿಲ್ಲ. 2013ರಲ್ಲಿ ಗುಜರಾತ್ ಹೈಕೋರ್ಟು, 2021ರ ಜುಲೈ 20ರಂದು ಸುಪ್ರೀಂ ಕೋರ್ಟು ಇದನ್ನು ತಪ್ಪು ಎಂದವು. 9ಬಿ ಭಾಗ ಈಗ ಒಂದಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ವ್ಯವಹರಿಸುವ ಸಹಕಾರ ಸಂಘಗಳಿಗೆ ಮಾತ್ರ. "97 ರದ್ದಾಯಿತು, ನಮ್ಮ ಸೊಸೈಟಿಗೆ ಚುನಾವಣೆ ಬೇಡ" ಎಂದು ವಾದಿಸುವ ಸೆಕ್ರೆಟರಿಗಳು ಅಲ್ಲಲ್ಲಿ ಇದ್ದಾರೆ. ಆ ವಾದ ನಿಲ್ಲುವುದಿಲ್ಲ. ಸೊಸೈಟಿಯನ್ನು ಕಟ್ಟಿಹಾಕಿರುವುದು ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆ. ಅದು ರಾಜ್ಯದ ಸ್ವಂತ ಕಾನೂನು, ತೀರ್ಪಿನಿಂದ ಅದಕ್ಕೆ ಏನೂ ಆಗಿಲ್ಲ.

ಹಾಗಾದರೆ 30ನೇ ವಿಧಿ?

ಭಾಷೆ ಅಥವಾ ಧರ್ಮದ ಆಧಾರದ ಅಲ್ಪಸಂಖ್ಯಾತರು ತಮಗೆ ಬೇಕಾದ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದು ಎನ್ನುವ ಈ ವಿಧಿ ಮೂಲಭೂತ ಹಕ್ಕಿನ ಭಾಗದಲ್ಲಿದೆ. ಮೇಲಿನ ಪಟ್ಟಿಯನ್ನು ಇನ್ನೊಮ್ಮೆ ಓದಿ, ಅದರಲ್ಲಿ ಮೂಲಭೂತ ಹಕ್ಕುಗಳೇ ಇಲ್ಲ. ಹೆಚ್ಚಿನವರಿಗೆ ಇದು ಆಶ್ಚರ್ಯ. ಹೈಕೋರ್ಟಿನ ವಿಧಿಗಳನ್ನು ಬದಲಿಸಲು ರಾಜ್ಯಗಳನ್ನು ಕೇಳಬೇಕು, ನಾಗರಿಕರ ಹಕ್ಕು ಬದಲಿಸಲು ಕೇಳಬೇಕಿಲ್ಲ. ಹಾಗಾಗಿ "ಕರ್ನಾಟಕ ಬಿಡೋದಿಲ್ಲ" ಎಂದವರು ತಪ್ಪು. ತಿದ್ದುಪಡಿ ಮಸೂದೆ ಹುಟ್ಟುವುದೇ ಸಂಸತ್ತಿನಲ್ಲಾದ್ದರಿಂದ "ಮಹಾರಾಷ್ಟ್ರವೇ ತೆಗೀಬಹುದು" ಎಂದವರೂ ತಪ್ಪು.

ಸಂಸತ್ತು ಎರಡೂ ಸದನಗಳಲ್ಲಿ ಲೆಕ್ಕ ಕೂಡಿಸಿದರೆ? ಆಗಲೂ ಒಂದು ಗೇಟು ಉಳಿಯುತ್ತದೆ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆಯ ವಿರುದ್ಧ ಹಾಕಿದ ಪ್ರಕರಣದಲ್ಲಿ, 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ 7–6ರಲ್ಲಿ ಹೇಳಿದ್ದು ಇದು: ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಸಂವಿಧಾನದ ಮೂಲ ರಚನೆಯನ್ನು ಕೆಡವುವಂತಿಲ್ಲ. ಅಲ್ಲೂ ಸ್ವಾಮಿಗಳ ಪರ ನಿಂತವರು ಪಾಲ್ಖಿವಾಲಾ. ಮೂಲ ರಚನೆ ಎಂದರೆ ಇಷ್ಟೇ ಎಂಬ ಮುಚ್ಚಿದ ಪಟ್ಟಿ ಇಲ್ಲ. ಜಾತ್ಯತೀತತೆ, ಒಕ್ಕೂಟ ವ್ಯವಸ್ಥೆ, ನ್ಯಾಯಾಂಗದ ಪರಿಶೀಲನೆ ಮುಂತಾದವನ್ನು ಕೋರ್ಟು ಪ್ರಕರಣ ಬಂದಂತೆ ಹೆಸರಿಸಿದೆ. ಇದು ಕಾಗದದ ಹುಲಿಯಲ್ಲ. ನ್ಯಾಯಾಧೀಶರ ನೇಮಕಾತಿ ಆಯೋಗದ 99ನೇ ತಿದ್ದುಪಡಿಗೆ ವಿಶೇಷ ಬಹುಮತ, ರಾಜ್ಯಗಳ ಅನುಮೋದನೆ ಎಲ್ಲ ಇತ್ತು. ಆದರೂ 2015ರಲ್ಲಿ 4–1ರಿಂದ ರದ್ದಾಯಿತು. ಹಾಗೆಂದು ಕೋರ್ಟು ಪ್ರತಿ ಸಲ ತಡೆಯುತ್ತದೆ ಎಂದೂ ಕೂರಬೇಡಿ. ಆರ್ಥಿಕ ಹಿಂದುಳಿದವರ ಮೀಸಲಾತಿಯ 103ನೇ ತಿದ್ದುಪಡಿ 2022ರಲ್ಲಿ 3–2ರಿಂದ ಉಳಿಯಿತು. 30ನೇ ವಿಧಿಯನ್ನು ಪೂರ್ತಿ ತೆಗೆಯುವುದು ಬಹಳ ಕಷ್ಟದ ಕೆಲಸ. ಅಸಾಧ್ಯ ಎಂಬ ಪದವನ್ನು ಮಾತ್ರ ನಾನು ಬಳಸುವುದಿಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಶಾಲೆಗೆ ಪೆಟ್ಟು ಬಿದ್ದರೆ ಈ ಕಡೆಯಿಂದ ಬೀಳುವುದಿಲ್ಲ. ಒಂದಕ್ಷರ ತಿದ್ದದೆಯೂ ಹಕ್ಕಿನ ಅಳತೆ ಬದಲಾಗುತ್ತದೆ, ತೀರ್ಪುಗಳಿಂದ ಮತ್ತು ರಾಜ್ಯದ ನಿಯಮಗಳಿಂದ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ 11 ನ್ಯಾಯಾಧೀಶರು ಅಲ್ಪಸಂಖ್ಯಾತರು ಯಾರೆಂದು ರಾಜ್ಯವಾರು ನೋಡಬೇಕು ಎಂದರು. ಆ ಅಳತೆಯಲ್ಲಿ ಡೊಂಬಿವಲಿಯ ಕನ್ನಡ ಶಾಲೆಗೂ ಬೆಳಗಾವಿಯ ಮರಾಠಿ ಶಾಲೆಗೂ ಒಂದೇ ರಕ್ಷಣೆ. ಮುಂಬೈಯ ಗುಜರಾತಿ ಶಾಲೆಗಳು ಮರಾಠಿ ಕಡ್ಡಾಯವನ್ನು ಪ್ರಶ್ನಿಸಿದಾಗ, 2004ರ ಉಷಾ ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಪರ ನಿಂತಿತು. ಶಾಲೆ ನಡೆಸುವ ಹಕ್ಕು ನಿಮ್ಮದು, ಆದರೆ ರಾಜ್ಯದ ಭಾಷೆಯನ್ನೂ ಕಲಿಸಿ ಎಂದು ರಾಜ್ಯ ಹೇಳಬಹುದು ಎಂಬುದು ಅದರ ಸಾರ. ಇದಕ್ಕೆ ತಿದ್ದುಪಡಿ ಬೇಕಾಗಲಿಲ್ಲ.

ನಿಮ್ಮ ಸಮಿತಿಗೆ ಸಂಸತ್ತಿನ ಲೆಕ್ಕಕ್ಕಿಂತ ತುರ್ತಾದದ್ದು ಕಪಾಟಿನ ಫೈಲು. ಭಾಷಾ ಅಲ್ಪಸಂಖ್ಯಾತ ಸಂಸ್ಥೆ ಎಂಬ ಪ್ರಮಾಣಪತ್ರ ಇದೆಯೇ, ಯಾರ ಹೆಸರಿನಲ್ಲಿದೆ, ಟ್ರಸ್ಟಿನ ಉದ್ದೇಶಗಳಲ್ಲಿ ಭಾಷಾ ಸಮುದಾಯದ ಮಾತು ಬರೆದಿದೆಯೇ ನೋಡಿ. ಪ್ರಮಾಣಪತ್ರ ಹಕ್ಕನ್ನು ಕೊಡುವುದಿಲ್ಲ, ಹಕ್ಕು ಸಂವಿಧಾನದ್ದೇ. ಆದರೆ ಕಚೇರಿಯ ಮೇಜಿನ ಮುಂದೆ ನಿಂತಾಗ ಕೇಳುವುದು ಕಾಗದವನ್ನು. ಅಡಚಣೆ ಬಂದರೆ ಮುಂದಿರುವ ದಾರಿ ಎರಡು. 350ಬಿ ವಿಧಿಯಡಿ ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಗೆ ಮನವಿ ಕೊಡಬಹುದು. ಖರ್ಚಿಲ್ಲ, ಆದರೆ ಅವರು ವರದಿ ಮತ್ತು ಶಿಫಾರಸು ಮಾಡಬಲ್ಲರು, ಆದೇಶ ಮಾಡಲಾರರು. 226ನೇ ವಿಧಿಯಡಿ ಬಾಂಬೆ ಹೈಕೋರ್ಟಿಗೆ ರಿಟ್ ಹಾಕಬಹುದು. ಅಲ್ಲಿ ಸಿಗುವ ಆದೇಶಕ್ಕೆ ಬಲವಿದೆ, ಅಪಾಯವೂ ಇದೆ: ದುರ್ಬಲ ಪ್ರಕರಣವನ್ನು ಅವಸರದಲ್ಲಿ ಒಯ್ದು ಸೋತರೆ ಆ ತೀರ್ಪು ನಿಮ್ಮಂಥ ಉಳಿದ ಶಾಲೆಗಳಿಗೂ ಅಡ್ಡ ಬರುತ್ತದೆ. ಮೊದಲು ಲಿಖಿತ ಮನವಿ, ಸ್ವೀಕೃತಿಯ ಮೊಹರು, ಉತ್ತರಕ್ಕೆ ಕಾಯುವಿಕೆ, ಆಮೇಲೆ ವಕೀಲರು. ಈ ಕ್ರಮ ತಪ್ಪಿಸಬೇಡಿ.

ಹೊಸ ಮಸೂದೆಯ ಸುದ್ದಿ ಬಂದಾಗ ಫಾರ್ವರ್ಡ್ ಓದುವ ಬದಲು ಮಸೂದೆಯನ್ನೇ ಸಂಸತ್ತಿನ ತಾಣದಿಂದ ಇಳಿಸಿಕೊಳ್ಳಿ. ಹಿಂಬದಿಯಿಂದ ಓದುವುದು ಸುಲಭ. ಕಡೆಯಲ್ಲಿ ಈಗಿರುವ ವಿಧಿಗಳ ಉದ್ಧರಣೆ, ಅದಕ್ಕೆ ಮುಂಚೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ, ಮೊದಲಲ್ಲಿ ತಿದ್ದುವ ಕಲಂಗಳು. ಉದ್ದೇಶದ ಹೇಳಿಕೆಯಲ್ಲಿ ಇಲ್ಲದ ಪರಿಣಾಮ ಕಲಂನ ಒಂದು ಪದದಲ್ಲಿ ಅಡಗಿರಬಹುದು. ಮರಾಠಾ ಮೀಸಲಾತಿಯ ಪ್ರಕರಣದಲ್ಲಿ ಆದದ್ದು ಇದೇ. 2018ರ 102ನೇ ತಿದ್ದುಪಡಿ ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗಕ್ಕಾಗಿ ಬಂದದ್ದು. ಅದರ ಪದಗಳನ್ನು ಓದಿದ ಸುಪ್ರೀಂ ಕೋರ್ಟು 2021ರ ಮೇ 5ರಂದು, ಹಿಂದುಳಿದ ವರ್ಗಗಳನ್ನು ಗುರುತಿಸುವ ಅಧಿಕಾರ ರಾಜ್ಯಗಳಿಗೆ ಉಳಿದಿಲ್ಲ ಎಂದು ಬಹುಮತದಿಂದ ಹೇಳಿತು. ಅದನ್ನು ಸರಿಮಾಡಲು ಅದೇ ಆಗಸ್ಟಿನಲ್ಲಿ 105ನೇ ತಿದ್ದುಪಡಿ ತರಬೇಕಾಯಿತು.

ಗಡಿಯ ಮಾತು

ಸಭೆ ಮುರಿದ ವಿಷಯಕ್ಕೆ ನಾಲ್ಕು ಮಾತು ಸಾಕು. ರಾಜ್ಯದ ಗಡಿ ಬದಲಿಸಲು 368ನೇ ವಿಧಿ ಬೇಡ, ಮೂರನೇ ಎರಡು ಬೇಡ. 3ನೇ ವಿಧಿಯಡಿ ಸಂಸತ್ತಿನ ಸಾಮಾನ್ಯ ಕಾಯ್ದೆ ಸಾಕು. ಇದನ್ನು ತಿದ್ದುಪಡಿ ಎಂದು ಎಣಿಸಬಾರದೆಂದು 4ನೇ ವಿಧಿ ಸ್ಪಷ್ಟವಾಗಿ ಹೇಳಿದೆ. ಮಸೂದೆಗೆ ರಾಷ್ಟ್ರಪತಿಯ ಶಿಫಾರಸು ಇರಬೇಕು, ಸಂಬಂಧಪಟ್ಟ ವಿಧಾನಮಂಡಲಗಳ ಅಭಿಪ್ರಾಯ ಕೇಳಬೇಕು. ಕೇಳಬೇಕು ಅಷ್ಟೆ, ಒಪ್ಪಬೇಕಿಲ್ಲ. 1956ರಲ್ಲಿ ಮೂಲ ಮಸೂದೆಯಲ್ಲಿ ಮಹಾರಾಷ್ಟ್ರ, ಗುಜರಾತ್ ಬೇರೆ ಬೇರೆ, ಬಾಂಬೆ ಕೇಂದ್ರಾಡಳಿತ ಎಂದಿತ್ತು. ಸಂಸತ್ತು ಅದನ್ನು ಬದಲಿಸಿ ಒಂದೇ ದ್ವಿಭಾಷಾ ಬಾಂಬೆ ರಾಜ್ಯ ಮಾಡಿತು. ಹೊಸ ರೂಪದ ಬಗ್ಗೆ ಇನ್ನೊಮ್ಮೆ ಕೇಳಲಿಲ್ಲ ಎಂಬ ದೂರು ಸುಪ್ರೀಂ ಕೋರ್ಟಿಗೆ ಹೋದಾಗ, ಮತ್ತೆ ಕೇಳುವ ಅಗತ್ಯವಿಲ್ಲ ಎಂದಿತು. ಗಡಿ ಹೊರದೇಶದ ಜತೆ ಆದರೆ ಮಾತು ಬೇರೆ. ಬಾಂಗ್ಲಾದೇಶದ ಜತೆ ಜಾಗ ಬದಲಿಸಿಕೊಳ್ಳಲು 2015ರಲ್ಲಿ 100ನೇ ತಿದ್ದುಪಡಿಯೇ ಬೇಕಾಯಿತು. ವಿಧಾನಸಭೆಗಳ ನಿರ್ಣಯ ನೋಡಿ ಸಮಿತಿಯಲ್ಲಿ ಗಂಟಲು ಹರಿದುಕೊಳ್ಳುವ ಮೊದಲು ಇದಿಷ್ಟು ಗೊತ್ತಿರಲಿ.

ಮಾವನವರ ಪುಸ್ತಕವನ್ನು ರದ್ದಿವಾಲಾಗೆ ಕೊಡಬೇಡಿ. ತಕರಾರನ್ನು ಸಾಮಾನ್ಯವಾಗಿ ಆ ಘಟನೆ ನಡೆದ ದಿನದ ಕಾನೂನಿನ ಮೇಲೆ ನೋಡಬೇಕಾಗುತ್ತದೆ. 1977ರಲ್ಲಿ ಸ್ವಾಧೀನವಾದ ಜಮೀನಿನ ಕಾಗದ ಯಾರದಾದರೂ ಮನೆಯಲ್ಲಿ ಸಿಕ್ಕರೆ 31ನೇ ವಿಧಿಯ ಅಂದಿನ ಪಾಠ ಬೇಕಾಗುವುದು ಆಗಲೇ, ಹೊಸ ಪ್ರತಿಗಳಲ್ಲಿ ಅದು ಸಿಗುವುದಿಲ್ಲ. ಮಗಳ ಓದಿಗೆ ಮಾತ್ರ ಕೇಂದ್ರ ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆ ತನ್ನ ತಾಣದಲ್ಲಿ ಹಾಕುವ ಪ್ರತಿಯನ್ನೇ ಬಳಸಲಿ, ಪುಕ್ಕಟೆ ಸಿಗುತ್ತದೆ, ಅಡಿಟಿಪ್ಪಣಿಗಳು ಪೂರ್ತಿ ಇರುತ್ತವೆ. ಹಳೆಯದರ ಮೊದಲ ಪುಟದಲ್ಲಿ "42ನೇ ತಿದ್ದುಪಡಿಯವರೆಗೆ" ಎಂದು ಪೆನ್ಸಿಲಿನಲ್ಲಿ ಬರೆದಿಡಿ.